ಸಾಕವ್ವ, ಪುಟ್ಟಮಲ್ಲಿ, ಗುಲಾಬಿ: ಉಮಾಶ್ರೀ ನಟನೆಯ ಕಸುಬು

ಉಡುಪಿಯ ರಂಗಾಸಕ್ತರಿಗೆ ನಮಸ್ಕಾರ.

2007ನೇ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ 'ಗುಲಾಬಿ ಟಾಕೀಸ್' ಚಿತ್ರಕ್ಕಾಗಿ ಉಮಾಶ್ರೀ ಅವರಿಗೆ ಬಂತು. ಕನ್ನಡ ಚಿತ್ರದ ಅಭಿನಯಕ್ಕೆ ಈ ಪ್ರಶಸ್ತಿ ಅದಕ್ಕೆ ಮೊದಲು ಸಂದದ್ದು ಇಬ್ಬರಿಗೆ ಮಾತ್ರ: 'ಕಾಡು' ಚಿತ್ರದ ನಂದಿನಿ ಭಕ್ತವತ್ಸಲ, 'ಹಸೀನಾ'ದ ತಾರಾ. ಅಂದಿನಿಂದ ಒಂದು ಮಾತು ಚಾಲ್ತಿಯಲ್ಲಿದೆ. ಹಾಸ್ಯಪಾತ್ರಗಳಲ್ಲಿ ಕಳೆದುಹೋಗಿದ್ದ ಕಲಾವಿದೆಗೆ ಕೊನೆಗೂ ತಕ್ಕ ಪಾತ್ರ ಸಿಕ್ಕಿತು ಎಂದು. ಪ್ರೀತಿಯಿಂದಲೇ ಆಡುವ ಮಾತದು, ಆದರೆ ನಾನು ಒಪ್ಪುವುದಿಲ್ಲ. ಗುಲಾಬಿಯಲ್ಲಿ ನಾವು ಮೆಚ್ಚುವ ಹಿಡಿತದ ದೊಡ್ಡ ಪಾಲು ಪಳಗಿದ್ದು ಆ ಹಾಸ್ಯದ ವರ್ಷಗಳಲ್ಲೇ.

ಮೊದಲು ರಂಗಭೂಮಿ. ದೇವನೂರ ಮಹಾದೇವ ಅವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಉಮಾಶ್ರೀ ಸಾಕವ್ವ ಆದರು. ಕಳೆದುಹೋದ ಹುಂಜವನ್ನು ಹುಡುಕುತ್ತ ಊರೆಲ್ಲ ಅಲೆಯುವ ಮುದುಕಿ. ಆಡಿದವರು ಇನ್ನೂ ಹರೆಯದವರು. ಹರೆಯದವರು ಮುದುಕಿಯಾಗುವಾಗ ಆಗುವ ತಪ್ಪು ನಮ್ಮ ಸ್ಪರ್ಧಾ ನಾಟಕಗಳಲ್ಲೂ ಕಾಣುತ್ತದೆ. ಸೊಂಟದಿಂದ ಬಗ್ಗುತ್ತಾರೆ, ಗಂಟಲು ನಡುಗಿಸುತ್ತಾರೆ. ಸೊಂಟ ಮಡಚಿದರೆ ಹೊಟ್ಟೆ ಒತ್ತಿಕೊಂಡು ಉಸಿರಿಗೆ ಜಾಗವಿರುವುದಿಲ್ಲ. ಉಸಿರು ಸಾಲದೆ ವಾಕ್ಯದ ಕೊನೆಯ ಕ್ರಿಯಾಪದ ನುಂಗಿಹೋಗುತ್ತದೆ. ಕನ್ನಡದಲ್ಲಿ ಅರ್ಥ ನಿಲ್ಲುವುದೇ ಆ ಕೊನೆಯ ಪದದಲ್ಲಿ, ಹಾಗಾಗಿ ಹಿಂದಿನ ಸಾಲಿನವರಿಗೆ ಮಾತು ಅರ್ಧವೇ ತಲುಪುತ್ತದೆ. ಮಂಡಿಯನ್ನು ತುಸು ಸಡಿಲಿಸಿ, ತೂಕವನ್ನು ಹಿಮ್ಮಡಿಗೆ ಬಿಟ್ಟು, ಪಕ್ಕೆಲುಬನ್ನು ತೆರೆದೇ ಇಟ್ಟರೆ ವಯಸ್ಸೂ ಕಾಣುತ್ತದೆ, ದನಿಯೂ ಉಳಿಯುತ್ತದೆ. ಸಾಕವ್ವನಂಥ ಪಾತ್ರಕ್ಕೆ ಬಯ್ಗುಳವೂ ಬೇಕು, ಅಳುವೂ ಬೇಕು, ಒಂದರಿಂದ ಇನ್ನೊಂದಕ್ಕೆ ನಡುವೆ ಉಸಿರು ತಿರುಗಿಸುವಷ್ಟೂ ಬಿಡುವಿರುವುದಿಲ್ಲ. ಈ ತಳಪಾಯವಿಲ್ಲದೆ ಅದು ಸಾಧ್ಯವಿಲ್ಲ.

ಇನ್ನು ಹಾಸ್ಯ. ಉಮಾಶ್ರೀ ನಟಿಸಿದ ಕಾಶೀನಾಥರ 'ಅನುಭವ' 1984ರದು. ಆಮೇಲೆ ಸಾಲುಸಾಲಾಗಿ ಬಂದ ಚಿತ್ರಗಳಲ್ಲಿ ಅವರು ಜಗಳಗಂಟಿ ಹೆಂಡತಿ, ಗಯ್ಯಾಳಿ ನೆರೆಮನೆಯವಳು. ನಾಟಕದಲ್ಲಿ ನಗು ಕೇಳಿಸುತ್ತದೆ. ನಗು ಏರುವವರೆಗೆ ಕಾದು, ಇಳಿಯತೊಡಗಿದಾಗ ಮುಂದಿನ ಮಾತು ಎತ್ತಬೇಕು. ಪೂರ್ತಿ ನಿಂತ ಮೇಲೆ ಎತ್ತಿದರೆ ದೃಶ್ಯ ತಣ್ಣಗಾಗುತ್ತದೆ. ಚಿತ್ರೀಕರಣದಲ್ಲಿ ಆ ನಗುವೇ ಇಲ್ಲ. ಬಿಡುವು ಹೆಚ್ಚಾದರೆ ಸಂಕಲನಕಾರ ಕತ್ತರಿಸುತ್ತಾನೆ, ಕಡಿಮೆಯಾದರೆ ಮುಂದಿನ ಮಾತು ಚಿತ್ರಮಂದಿರದ ಗದ್ದಲದಲ್ಲಿ ಮುಳುಗುತ್ತದೆ. ಬಲ್ಲ ನಟರು ಆ ಬಿಡುವನ್ನು ಕೆಲಸದಿಂದ ತುಂಬುತ್ತಾರೆ: ಸೆರಗು ಸಿಕ್ಕಿಸುವುದು, ಎದುರಾಳಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುವುದು. ಕತ್ತರಿಸಲು ಕಾರಣ ಸಿಗುವುದಿಲ್ಲ, ಮಾತೂ ಕಳೆಯುವುದಿಲ್ಲ. 1995ರ 'ಪುಟ್ನಂಜ'ದ ಅಜ್ಜಿ ಪುಟ್ಟಮಲ್ಲಿಯನ್ನು ಈ ಕಣ್ಣಿನಿಂದ ಮತ್ತೆ ನೋಡಿ. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ. ಜನಪ್ರಿಯ ಚಿತ್ರವೆಂಬ ಒಂದೇ ಕಾರಣಕ್ಕೆ ವಿಮರ್ಶಕರು ಆ ಅಭಿನಯವನ್ನು ಹಗುರವಾಗಿ ಕಂಡದ್ದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಈಗ ನಮ್ಮ ಕಡಲಿಗೆ ಬರೋಣ. 'ಗುಲಾಬಿ ಟಾಕೀಸ್' ಕುಂದಾಪುರದ ವೈದೇಹಿಯವರ ಕತೆಯಿಂದ ಹೊರಟದ್ದು, ಗಿರೀಶ ಕಾಸರವಳ್ಳಿ ನಿರ್ದೇಶನ, ಎಸ್. ರಾಮಚಂದ್ರ ಛಾಯಾಗ್ರಹಣ. ಗುಲಾಬಿ ಸೂಲಗಿತ್ತಿ, ಗಂಡ ಬಿಟ್ಟುಹೋದವಳು, ಸಿನಿಮಾದ ಹುಚ್ಚಿನವಳು. ಹೆರಿಗೆಯ ಋಣಕ್ಕಾಗಿ ಅವಳ ಮನೆಗೆ ಬಣ್ಣದ ಟಿ.ವಿ., ಡಿಶ್ ಬರುತ್ತವೆ. ಕಾರ್ಗಿಲ್ ಯುದ್ಧದ ದಿನಗಳು, ದೊಡ್ಡ ಟ್ರಾಲರುಗಳಿಗೂ ಸಣ್ಣ ದೋಣಿಯವರಿಗೂ ತಿಕ್ಕಾಟ. ಮಲ್ಪೆ, ಗಂಗೊಳ್ಳಿಯ ದಕ್ಕೆ (ದೋಣಿಗಳು ಮೀನು ಇಳಿಸುವ ಕಟ್ಟೆ) ನೋಡಿದವರಿಗೆ ಆ ತಿಕ್ಕಾಟವನ್ನು ಬಿಡಿಸಿ ಹೇಳಬೇಕಿಲ್ಲ.

ಈ ಪಾತ್ರದ ಅತಿ ಕಷ್ಟದ ಕೆಲಸ ಪರದೆ ನೋಡುವುದು. ಸಾಮಾನ್ಯವಾಗಿ ಇಂಥ ದೃಶ್ಯ ತೆಗೆಯುವಾಗ ನಟರ ಮುಂದೆ ಸಿನಿಮಾ ಓಡುತ್ತಿರುವುದಿಲ್ಲ. ಕ್ಯಾಮೆರಾದ ಪಕ್ಕ ಒಂದು ಗುರುತು, ಮುಖದ ಮೇಲೆ ಮಿನುಗುವ ಬೆಳಕು, ಅಷ್ಟೇ. ಒಂದೇ ಬಿಂದುವಿನಲ್ಲಿ ದೃಷ್ಟಿ ನೆಟ್ಟರೆ ಕಣ್ಣು ಸತ್ತಂತೆ ಕಾಣುತ್ತದೆ. ಪರದೆ ನೋಡುವವರ ಕಣ್ಣು ಅಂಚಿನಿಂದ ಅಂಚಿಗೆ ಚಿಕ್ಕದಾಗಿ ಓಡುತ್ತಿರುತ್ತದೆ, ಬಾಯಿ ತಾನಾಗಿ ಸಡಿಲವಾಗುತ್ತದೆ. ಹತ್ತಿರದ ಶಾಟ್‌ನಲ್ಲಿ ಹುಬ್ಬು ಒಂದು ಕೂದಲೆಳೆ ಹೆಚ್ಚು ಏರಿದರೂ ಅದು ನಾಟಕವಾಗಿಬಿಡುತ್ತದೆ. ಸಭಾಂಗಣದ ಕೊನೆಯ ಸಾಲಿಗೆ ತಲುಪಿಸಿ ರೂಢಿಯಾದ ಮುಖಕ್ಕೆ ಇದು ನಿಜವಾದ ಪರೀಕ್ಷೆ. ಉಮಾಶ್ರೀ ಇಲ್ಲಿ ಮುಖವನ್ನು ಬಿಟ್ಟುಕೊಟ್ಟು ಮೈಯನ್ನು ಉಳಿಸಿಕೊಂಡಿದ್ದಾರೆ. ಗುಲಾಬಿಯ ನಡಿಗೆ, ಕೂರುವ ರೀತಿ, ಕೈ ಬೀಸುವ ಭರಾಟೆ ಎಲ್ಲ ಹಾಸ್ಯದ ಉಮಾಶ್ರೀಯದೇ. ಅದಕ್ಕೇ ಊರು ಅವಳ ಮೇಲೆ ತಿರುಗಿಬಿದ್ದಾಗ ಆ ಮೈ ಕುಗ್ಗುವುದು ನಮಗೆ ಅಷ್ಟು ತಟ್ಟುತ್ತದೆ.

ಭಾಷೆಯ ಬಗ್ಗೆ ಉಡುಪಿಯಲ್ಲಿ ಹೇಳಲೇಬೇಕು. ಉಮಾಶ್ರೀ ತುಮಕೂರು ಸೀಮೆಯ ನೊಣವಿನಕೆರೆಯವರು. ಘಟ್ಟದ ಮೇಲಿನ ನಟರು ಕುಂದಾಪುರ ಕನ್ನಡಕ್ಕೆ ಕೈಹಾಕಿದಾಗ 'ಬಪ್ದು' (ಬರುವುದು), 'ಹೋಪ್ದು' (ಹೋಗುವುದು) ಎಂದು ನಾಲ್ಕು ಪದ ಕಲಿತು ಉಳಿದದ್ದನ್ನು ತಮ್ಮ ರಾಗದಲ್ಲೇ ಹೇಳಿಬಿಡುತ್ತಾರೆ. ಈ ಮಾತಿನಲ್ಲಿ ಪದದ ನಡುವಣ ಸ್ವರ ಬಿದ್ದುಹೋಗುತ್ತದೆ, ವಾಕ್ಯ ಓಡಿ ಕೊನೆಯಲ್ಲಿ ಗಕ್ಕನೆ ನಿಲ್ಲುತ್ತದೆ. ಸ್ವರ ಉಳಿಸಿಕೊಂಡರೆ ಓಟ ತಪ್ಪುತ್ತದೆ, ಓಟ ತಪ್ಪಿದರೆ ಸಿಟ್ಟೂ ಸಲುಗೆಯೂ ಸುಳ್ಳಾಗುತ್ತವೆ. ಹಾಗಾಗಿ ಪದಪಟ್ಟಿಗಿಂತ ಮೊದಲು ಓಟ ಕಲಿಯಬೇಕು. ಇಲ್ಲಿನ ಕಿವಿಗಳು ಅಲ್ಲೊಂದು ಇಲ್ಲೊಂದು ಮಾತಿನಲ್ಲಿ ಬಯಲುಸೀಮೆಯನ್ನು ಹಿಡಿದಾವು. ಆದರೆ ಸಲುಗೆ ಮಾತ್ರ ಎಲ್ಲೂ ಸುಳ್ಳಾಗಿಲ್ಲ.

ಏಕವ್ಯಕ್ತಿ ರಂಗಪ್ರಯೋಗ 'ಶರ್ಮಿಷ್ಠೆ'ಯ ಬಗ್ಗೆ ಬೇರೆಯೇ ಒಂದು ಉಪನ್ಯಾಸ ಬೇಕು. ಇಲ್ಲಿ ಕೊನೆಯದಾಗಿ ಯಕ್ಷಗಾನ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಆಟದಲ್ಲಿ ಅವರು ಮಂಥರೆಯಾದರು. ನಾಟಕದವರು ಬಡಗಿನ, ಅಂದರೆ ಬಡಗುತಿಟ್ಟು ಶೈಲಿಯ ಯಕ್ಷಗಾನದ, ರಂಗಸ್ಥಳಕ್ಕೆ ಬಂದರೆ ಎಡವುವುದು ಹೆಚ್ಚಾಗಿ ಕುಣಿತದಲ್ಲಲ್ಲ, ಶ್ರುತಿಯಲ್ಲಿ. ಭಾಗವತರು ಪದ್ಯ ಮುಗಿಸಿದ ಮೇಲೂ ಶ್ರುತಿ ನಿಲ್ಲುವುದಿಲ್ಲ. ಅರ್ಥ ಹೇಳುವವರ, ಅಂದರೆ ಪದ್ಯದ ಬೆನ್ನಿಗೆ ಮಾತಾಡುವ ಪಾತ್ರಧಾರಿಗಳ, ದನಿ ಅದಕ್ಕೆ ಕೂಡಿಕೊಂಡೇ ಏಳಬೇಕು. ಚೆಂಡೆ ಮದ್ದಳೆ ಎತ್ತುವ ಜಾಗ ತಿಳಿದು ಮಾತನ್ನು ಅಲ್ಲಿಗೆ ತಂದು ಬಿಡಬೇಕು, ಒಂದು ವಾಕ್ಯ ಹೆಚ್ಚು ಹೇಳಿದರೂ ಮುಂದಿನ ಪದ್ಯದ ಬಿಸಿ ಆರುತ್ತದೆ. ನಗಿಸುತ್ತಲೇ ವಿಷ ಹಾಕುವ ಮಂಥರೆಗೆ ಗಯ್ಯಾಳಿಯ ಪಾತ್ರಗಳಲ್ಲಿ ಕಲಿತ ಆ ಬಿಡುವಿನ ಲೆಕ್ಕಾಚಾರವೇ ನೇರವಾಗಿ ಬೇಕಾಗುತ್ತದೆ.