ತಡೆದದ್ದೆಷ್ಟು, ಒಡೆದದ್ದೆಷ್ಟು?

ಕೇಳುಗರೆಲ್ಲರಿಗೂ ನಮಸ್ಕಾರ.

1991ರ ಕೊಲ್ಲಿ ಯುದ್ಧ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಇರಾಕ್ ಸ್ಕಡ್ ಕ್ಷಿಪಣಿ ಹಾರಿಸುತ್ತಿತ್ತು. ಅದನ್ನು ಆಕಾಶದಲ್ಲೇ ಹೊಡೆಯಲು ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಎದುರು ಹಾರುತ್ತಿತ್ತು. ಫೆಬ್ರವರಿ 15ರಂದು ಅಧ್ಯಕ್ಷ ಬುಷ್ ಒಂದು ಲೆಕ್ಕ ಕೊಟ್ಟರು: 42 ಸ್ಕಡ್‌ಗಳಲ್ಲಿ 41ನ್ನು ತಡೆದಿದ್ದೇವೆ. ಕೇಳಿದವರಿಗೆ ಏನನ್ನಿಸುತ್ತದೆ? ಒಂದು ಬಿಟ್ಟು ಎಲ್ಲವೂ ನಾಶವಾದವು ಅಂತ, ಅಲ್ವಾ?

ಮರುವರ್ಷ ಅಮೆರಿಕದ ಸಂಸತ್ ಸಮಿತಿ ಈ ಲೆಕ್ಕವನ್ನು ಕೆದಕಿತು. 'ತಡೆಯುವುದು' ಅಂದರೆ ಎರಡು ಕ್ಷಿಪಣಿಗಳು ಆಕಾಶದಲ್ಲಿ ಒಂದನ್ನೊಂದು ದಾಟುವುದು ಎಂದು ಸೇನೆಯ ಅಧಿಕಾರಿಯೇ ವಿವರಿಸಿದರು. ಸ್ಕಡ್‌ನ ಸಿಡಿತಲೆ, ಅಂದರೆ ಸ್ಫೋಟಕ ತುಂಬಿದ ಭಾಗ, ನಾಶವಾಯ್ತಾ ಇಲ್ಲವಾ ಅನ್ನೋದು ಆ ಎಣಿಕೆಯಲ್ಲಿ ಇರಲೇ ಇಲ್ಲ. ಸರ್ಕಾರದ ಲೆಕ್ಕಪರಿಶೋಧಕರು ದಾಖಲೆ ತೆಗೆದು ನೋಡಿದರು. ಸಿಡಿತಲೆ ನಾಶವಾಯ್ತು ಅನ್ನಲು ಅತ್ಯಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ನೂರಕ್ಕೆ ಸುಮಾರು 9 ಸಲ ಮಾತ್ರ. ಮಿಕ್ಕವೆಲ್ಲ ಗುರಿ ತಪ್ಪಿದವು ಅಂತ ಇದರರ್ಥ ಅಲ್ಲ. ಗೆದ್ದೆವು ಅನ್ನೋದಕ್ಕೆ ಅಷ್ಟು ಬಲವಾದ ಪುರಾವೆ ಇರಲಿಲ್ಲ, ಅಷ್ಟೇ.

ಈಗ ದಹ್ರಾನ್‌ಗೆ ಬನ್ನಿ. ಸೌದಿ ಅರೇಬಿಯಾ, ಫೆಬ್ರವರಿ 25ರ ರಾತ್ರಿ. ಅಲ್ಲಿನ ಪೇಟ್ರಿಯಟ್ ಕಂಪ್ಯೂಟರ್ 100 ಗಂಟೆಗಿಂತ ಜಾಸ್ತಿ ಹೊತ್ತು ಒಂದೇ ಸಮನೆ ಓಡಿತ್ತು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಪಾಲನ್ನು ಎಣಿಸುತ್ತಿತ್ತು. ನಾವು 10ನ್ನು 3ರಿಂದ ಭಾಗಿಸಿದರೆ 3.333 ಅಂತ ಮುಗಿಯದೆ ಹೋಗುತ್ತದಲ್ಲ, ಕಂಪ್ಯೂಟರಿನ ಸೊನ್ನೆ–ಒಂದರ ಲೆಕ್ಕದಲ್ಲಿ ಹತ್ತನೇ ಒಂದು ಪಾಲೂ ಹಾಗೇ. ಎಲ್ಲೋ ಒಂದು ಕಡೆ ಬಾಲ ಕತ್ತರಿಸಲೇಬೇಕು. ಕತ್ತರಿಸಿದರೆ ಪ್ರತಿ ಎಣಿಕೆಗೂ ಸೆಕೆಂಡಿನ ಸುಮಾರು ಕೋಟಿಯಲ್ಲೊಂದು ಪಾಲು ತಪ್ಪುತ್ತದೆ. 100 ಗಂಟೆಯಲ್ಲಿ 36 ಲಕ್ಷ ಎಣಿಕೆ. ಹನಿ ಹನಿ ಕೂಡಿ 0.34 ಸೆಕೆಂಡ್ ಆಯ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಜಾಸ್ತಿ ದೂರ ಹೋಗಿಬಿಡುತ್ತದೆ. ಸ್ಕಡ್ ಎಲ್ಲಿರುತ್ತದೆ ಅಂತ ಆ ಗಡಿಯಾರ ನಂಬಿ ಲೆಕ್ಕ ಹಾಕಿದ್ದರಿಂದ ರೇಡಾರ್ ಆಕಾಶದ ತಪ್ಪು ಜಾಗದಲ್ಲಿ ಹುಡುಕಿತು. ಅಲ್ಲಿ ಏನೂ ಕಾಣಲಿಲ್ಲ. ಒಂದೂ ಪೇಟ್ರಿಯಟ್ ಮೇಲೇಳಲಿಲ್ಲ. ಸ್ಕಡ್ ಸೈನಿಕರು ಉಳಿದುಕೊಂಡಿದ್ದ ಕಟ್ಟಡದ ಮೇಲೆ ಬಿತ್ತು. 28 ಅಮೆರಿಕನ್ ಸೈನಿಕರು ಸತ್ತರು.

ನನಗೆ ತುಂಬಾ ನೋವಾಗುವುದು ಮುಂದಿನ ವಿಷಯಕ್ಕೆ. ಈ ದೋಷವನ್ನು ಅಳೆದವರು ಇದ್ದರು. 8 ಗಂಟೆ ಓಡಿದರೇ ಲೆಕ್ಕ ಜಾರುತ್ತದೆ ಅಂತ ಇಸ್ರೇಲ್ ಕಡೆಯಿಂದ ಫೆಬ್ರವರಿ 11ರಂದೇ ಮಾಹಿತಿ ಬಂದಿತ್ತು. ಸಾಫ್ಟ್‌ವೇರ್ ತಿದ್ದಿದ್ದೂ ಆಗಿತ್ತು. 'ತುಂಬಾ ಹೊತ್ತು' ಓಡಿಸಿದರೆ ತೊಂದರೆ ಅಂತ 21ರಂದು ಘಟಕಗಳಿಗೆ ಸಂದೇಶವೂ ಹೋಯ್ತು. ತುಂಬಾ ಹೊತ್ತು ಅಂದರೆ ಎಷ್ಟು ಗಂಟೆ? ಆ ಒಂದು ಅಂಕಿ ಮಾತ್ರ ಸಂದೇಶದಲ್ಲಿ ಇರಲಿಲ್ಲ. ಇದ್ದಿದ್ದರೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿದ್ದರೂ ಸಾಕಿತ್ತು. ಗಡಿಯಾರ ಸೊನ್ನೆಯಿಂದ ಎಣಿಸಲು ತೊಡಗುತ್ತಿತ್ತು.

ತಿದ್ದಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು ಫೆಬ್ರವರಿ 26ರಂದು.