ಗೋಡೆಯ ಮೇಲಿನ ಹೆಬ್ಬೆಟ್ಟುಗಳು

(ರಾಯಚೂರಿನಲ್ಲಿ ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ನಾನು ವಕೀಲ. ಆಸ್ಪತ್ರೆಯವರು ವಕೀಲನನ್ನು ತಾವಾಗಿ ಕರೆಯುವುದು ನೋಟಿಸ್ ಬಂದಾಗ, ಇಲ್ಲವೇ ಬರುವ ಸೂಚನೆ ಸಿಕ್ಕಾಗ. ಇನ್ನೂ ಯಾರ ಮೈಗೂ ಸೂಜಿ ತಾಗಿಸದ ನಿಮ್ಮ ಮುಂದೆ ನನ್ನನ್ನು ನಿಲ್ಲಿಸಿದ್ದಾರೆ ಎಂದರೆ ಇಲ್ಲಿನವರಿಗೆ ಮುಂದಾಲೋಚನೆ ಇದೆ. ಆಹ್ವಾನ ಪತ್ರಿಕೆಯಲ್ಲಿ ವಿಷಯ ‘ವೈದ್ಯಕೀಯ ನೀತಿ ಮತ್ತು ಕಾನೂನು’ ಎಂದಿದೆ. ಕಾನೂನೇನೋ ಸರಿ, ನೀತಿಯನ್ನೂ ವಕೀಲರ ಬಾಯಿಂದಲೇ ಕೇಳಬೇಕೇ ಎಂದು ಬೆಳಿಗ್ಗೆ ಮನೆಯಲ್ಲಿ ಒಂದು ಆಕ್ಷೇಪಣೆ ದಾಖಲಾಯಿತು. ಆಕ್ಷೇಪಣೆಯನ್ನು ಎತ್ತಿ ಹಿಡಿಯುತ್ತೇನೆ; ಆದರೂ ಮಾತಾಡುತ್ತೇನೆ.

ಹಲವು ವರ್ಷಗಳ ಹಿಂದೆ ನನ್ನ ತಾಯಿಯನ್ನು ಒಂದು ಆಸ್ಪತ್ರೆಗೆ ಸೇರಿಸಿ ನಾಲ್ಕು ರಾತ್ರಿ ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು ಮಲಗಿದ್ದೆ. ನಿದ್ದೆ ಬಾರದವನ ಕಣ್ಣು ಗೋಡೆಗೆ ಹೋಗುತ್ತದೆ. ನರ್ಸ್ ಕೂರುವ ಮೇಜಿನ ಪಕ್ಕದ ಗೋಡೆಯಲ್ಲಿ, ಸೊಂಟದೆತ್ತರದಿಂದ ಎದೆಯೆತ್ತರದವರೆಗೆ, ನೇರಳೆ ಬಣ್ಣದ ಗೀಟುಗಳಿದ್ದವು. ಮೊದಲ ರಾತ್ರಿ ಎಲೆಯಡಿಕೆ ಕಲೆ ಇರಬೇಕು ಎಂದುಕೊಂಡೆ. ಎರಡನೆಯ ದಿನ ಗೊತ್ತಾಯಿತು. ಒಬ್ಬ ಮುದುಕ ಬಂದ, ನರ್ಸ್ ಅವನ ಹೆಬ್ಬೆರಳನ್ನು ಹಿಡಿದು ಶಾಯಿಯ ಡಬ್ಬಿಗೆ ಒತ್ತಿದಳು, ಅಲ್ಲಿಂದ ಕಾಗದಕ್ಕೆ ಒತ್ತಿದಳು, ಕೈ ಬಿಟ್ಟಳು. ಮುದುಕ ಬೆರಳನ್ನು ಒಮ್ಮೆ ನೋಡಿಕೊಂಡು, ಧೋತರಕ್ಕೆ ಒರೆಸಿದರೆ ಕಲೆಯಾದೀತೆಂದು ಗೋಡೆಗೆ ಒರೆಸಿ ಹೋದ. ಅರ್ಧ ನಿಮಿಷದ ಕೆಲಸ. ಅವನ ಹೆಂಡತಿಗೆ ಏನು ಆಪರೇಷನ್ ಎಂದು ಆ ಅರ್ಧ ನಿಮಿಷದಲ್ಲಿ ಯಾರೂ ಹೇಳಲಿಲ್ಲ. ಹೆಂಡತಿ ಹತ್ತು ಹೆಜ್ಜೆ ದೂರದ ಮಂಚದ ಮೇಲೆ ಎಚ್ಚರವಾಗಿಯೇ ಕೂತಿದ್ದಳು. ಅವಳನ್ನಂತೂ ಯಾರೂ ಕೇಳಲೇ ಇಲ್ಲ.

ಆ ಕಾಗದವನ್ನು ನೀವು ಒಪ್ಪಿಗೆ ಪತ್ರ ಎನ್ನುತ್ತೀರಿ. ಈ ಹೊತ್ತು ನಾನು ಮುಖ್ಯವಾಗಿ ಮಾತಾಡುವುದು ಅದೊಂದರ ಬಗ್ಗೆಯೇ. ಮಿಕ್ಕ ಕಾಯ್ದೆಗಳೆಲ್ಲ ನಿಮ್ಮ ಪಠ್ಯದಲ್ಲಿವೆ, ಪರೀಕ್ಷೆಯ ಹಿಂದಿನ ರಾತ್ರಿ ಹೇಗೂ ಓದುತ್ತೀರಿ.

ಮುಂದೆ ಒಮ್ಮೆ ಒಬ್ಬ ಶಸ್ತ್ರವೈದ್ಯರ ಪರವಾಗಿ ವಕಾಲತ್ತು ಹಾಕಿದೆ. ಒಳ್ಳೆಯ ವೈದ್ಯರು, ಆಪರೇಷನ್ ಕೂಡ ಸರಿಯಾಗಿಯೇ ನಡೆದಿತ್ತು. ರೋಗಿಯ ಕಡೆಯವರ ದೂರು ಒಂದೇ, ನಮಗೆ ಇಂಥದ್ದು ಮಾಡುತ್ತೇವೆಂದು ಹೇಳಿರಲಿಲ್ಲ. ನಮ್ಮ ಹತ್ತಿರ ಒಪ್ಪಿಗೆ ಪತ್ರ ಇತ್ತಲ್ಲ, ಧೈರ್ಯವಾಗಿದ್ದೆವು. ಎದುರು ಪಕ್ಷದ ವಕೀಲರು ಆ ಹಾಳೆಯನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಛಾಪಿಸಿದ ಸಾಲುಗಳು ಇಂಗ್ಲಿಷಿನಲ್ಲಿದ್ದವು. ಕೆಳಗೆ ಹೆಬ್ಬೆಟ್ಟು. ನಡುವೆ ಶಸ್ತ್ರಚಿಕಿತ್ಸೆಯ ಹೆಸರು ಬರೆಯುವ ಖಾಲಿ ಜಾಗದಲ್ಲಿ ಒಂದು ಸಾಲು ನೀಲಿ ಶಾಯಿಯಲ್ಲಿ. ದಿನಾಂಕ, ವಾರ್ಡು, ಹಾಸಿಗೆ ಸಂಖ್ಯೆ ಎಲ್ಲ ಕಪ್ಪು ಶಾಯಿಯಲ್ಲಿ. ನೀಲಿ ಸಾಲಿನ ಕೊನೆಯ ಎರಡು ಅಕ್ಷರ ಒಣಗಿದ ಹೆಬ್ಬೆಟ್ಟಿನ ಮೇಲೆಯೇ ಹಾದು ಹೋಗಿದ್ದವು. ಅವರು ಏನೂ ಹೇಳದೆ ಹಾಳೆಯನ್ನು ನನ್ನ ಕೈಗಿಟ್ಟರು. ಆ ಮಧ್ಯಾಹ್ನವೇ ರಾಜಿ ಮಾಡಿಕೊಂಡೆವು. ಮೊದಲು ಹೆಬ್ಬೆಟ್ಟು, ಆಮೇಲೆ ಬರಹ: ಈ ಕ್ರಮ ನಮ್ಮ ಕಡೆ ಎಷ್ಟು ರೂಢಿಯೆಂದರೆ ಅದನ್ನು ಮಾಡಿದ ಹುಡುಗನಿಗೆ ತಾನು ಸುಳ್ಳು ದಾಖಲೆ ಸೃಷ್ಟಿಸಿದೆ ಎಂಬ ಅರಿವೇ ಇರಲಿಲ್ಲ.

ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಈ ವಿಷಯದಲ್ಲಿ ಒಂದು ತೀರ್ಪು ಕೊಟ್ಟಿದೆ. ರೋಗಿಯ ಹೆಸರು ನಿಮ್ಮ ಪುಸ್ತಕದಲ್ಲಿರುತ್ತದೆ. ಗೋಪ್ಯತೆಯ ಬಗ್ಗೆಯೂ ಮಾತಾಡಲಿರುವ ನಾನು ಅದನ್ನು ಮೈಕಿನಲ್ಲಿ ಹೇಳುವುದಿಲ್ಲ. ದೆಹಲಿಯ 44 ವರ್ಷದ ಅವಿವಾಹಿತೆ, ಹೆಚ್ಚಿನ ರಕ್ತಸ್ರಾವಕ್ಕೆ ಕಾರಣ ತಿಳಿಯಲು ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಯೊಳಗೆ ಸಣ್ಣ ಕೊಳವೆ ಇಳಿಸಿ ನೋಡುವ ಪರೀಕ್ಷೆಗೆ ಒಪ್ಪಿದ್ದರು. ಅರಿವಳಿಕೆಯಲ್ಲಿದ್ದಾಗ ವೈದ್ಯರಿಗೆ ಬೇರೆಯೇ ತೊಂದರೆ ಕಂಡಿತು. ಸಹಾಯಕರು ಹೊರಗೆ ಬಂದು, ಕಾಯುತ್ತಿದ್ದ ತಾಯಿಯಿಂದ ಒಪ್ಪಿಗೆ ಪಡೆದರು. ಗರ್ಭಕೋಶ, ಅಂಡಾಶಯ ಎಲ್ಲವನ್ನೂ ತೆಗೆದರು. ಎಚ್ಚರವಾದ ಮೇಲೆ ಆಕೆಗೆ ತಿಳಿಯಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಆಗುವುದಿಲ್ಲ, ವಯಸ್ಕ ರೋಗಿ ತಾನೇ ನಿರ್ಧರಿಸಬಲ್ಲವಳಾಗಿದ್ದಾಗ ತಾಯಿಯ ಒಪ್ಪಿಗೆಗೆ ಬೆಲೆಯಿಲ್ಲ, ಪ್ರಾಣ ಅಥವಾ ಆರೋಗ್ಯ ಉಳಿಸಲು ತಡಮಾಡಲಾಗದ ಸ್ಥಿತಿ ಇದ್ದರೆ ಮಾತ್ರ ವಿನಾಯಿತಿ ಎಂದಿತು ನ್ಯಾಯಾಲಯ. ಪರಿಹಾರ 25,000 ರೂಪಾಯಿ. ಮೊತ್ತ ನೋಡಿ ನಗಬೇಡಿ. ವೈದ್ಯರು ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದಿರಬಹುದು ಎಂದು ಪರಿಗಣಿಸಿದ ಮೇಲೂ ತಪ್ಪು ತಪ್ಪೇ ಎಂದದ್ದು ಆ ತೀರ್ಪಿನ ತೂಕ. ಕಾಯಿಲೆ ಏನು, ಏನು ಮಾಡುತ್ತೇವೆ, ಅದರಿಂದ ಏನು ಲಾಭ, ಮುಖ್ಯ ಅಪಾಯ ಯಾವುದು, ಬೇರೆ ದಾರಿ ಇದೆಯೇ, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ಹೇಳಬೇಕು. ದೂರದ, ಅಪರೂಪದ ಅಪಾಯಗಳನ್ನೆಲ್ಲ ಪಟ್ಟಿ ಮಾಡಿ ಹೆದರಿಸಬೇಕಾಗಿಲ್ಲ ಎಂದೂ ಅದರಲ್ಲೇ ಇದೆ.

ಹೇಳಬೇಕು, ಸರಿ. ಯಾವ ಭಾಷೆಯಲ್ಲಿ? ರಾಯಚೂರಿನ ವಾರ್ಡಿನಲ್ಲಿ ಒಂದು ಮಂಚಕ್ಕೆ ಕನ್ನಡ, ಪಕ್ಕದ್ದಕ್ಕೆ ತೆಲುಗು, ಅದರಾಚೆ ಉರ್ದು, ಬಾಗಿಲ ಹತ್ತಿರ ತಾಂಡಾದಿಂದ ಬಂದ ಲಂಬಾಣಿ ಅಜ್ಜಿ. ಬೆಂಗಳೂರು, ಮಂಗಳೂರಿನಿಂದ ಬಂದ ವಿದ್ಯಾರ್ಥಿಗಳಿಗೆ ಇಲ್ಲಿನ ಕನ್ನಡವೇ ಮೊದಲ ಆರು ತಿಂಗಳು ಅನುವಾದ ಬೇಡುತ್ತದೆ. ‘ಅರ್ಥವಾಯಿತೇ?’ ಎಂದು ಕೇಳಿದರೆ ನಮ್ಮ ಜನ ತಲೆಯಾಡಿಸುತ್ತಾರೆ; ಓದಿದವರ ಮುಂದೆ ಇಲ್ಲ ಎನ್ನುವುದು ಮರ್ಯಾದೆಯಲ್ಲ ಎಂದು ಕಲಿತವರು. ‘ನಾನು ಹೇಳಿದ್ದನ್ನು ಮನೆಗೆ ಹೋಗಿ ಮಗಳಿಗೆ ಹೇಗೆ ಹೇಳುತ್ತೀರಿ, ಹೇಳಿ ನೋಡೋಣ’ ಎಂದು ಕೇಳಿ. ಆಗ ನಿಜ ಹೊರಬೀಳುತ್ತದೆ.

ಇನ್ನೊಂದು ನಮ್ಮ ಕಡೆಯ ತೊಡಕು, ಗುಳೆ. ಗಂಡ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಹೆಂಡತಿ ಗರ್ಭಪಾತಕ್ಕೆ ಬಂದಿದ್ದಾಳೆ. ಗಂಡನ ಸಹಿ ಇಲ್ಲದೆ ಆಗದು ಎಂದು ಕೌಂಟರಿನಲ್ಲೇ ವಾಪಸ್ ಕಳಿಸುತ್ತಾರೆ. ವೈದ್ಯಕೀಯ ಗರ್ಭಪಾತ ಕಾಯ್ದೆ ಬಂದದ್ದು 1971ರಲ್ಲಿ. ಅಂದಿನಿಂದ ಇಂದಿನವರೆಗೆ 18 ತುಂಬಿದ ಹೆಣ್ಣಿನ ವಿಷಯದಲ್ಲಿ ಆ ಕಾಯ್ದೆ ಕೇಳುವುದು ಅವಳೊಬ್ಬಳ ಒಪ್ಪಿಗೆಯನ್ನು. ಗಂಡನ ಸಹಿ ಎಂಬುದು ಆಸ್ಪತ್ರೆಗಳು ತಮ್ಮ ನೆಮ್ಮದಿಗೆ ಮಾಡಿಕೊಂಡ ಶಾಸನ. 2021ರ ತಿದ್ದುಪಡಿಯಂತೆ ಅವಳ ಹೆಸರನ್ನು ಅಧಿಕಾರವಿಲ್ಲದವರಿಗೆ ಬಿಟ್ಟುಕೊಟ್ಟ ವೈದ್ಯನಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಊರಿನಿಂದ ಫೋನ್ ಮಾಡಿ ‘ನಮ್ಮ ಸೊಸೆ ಅಲ್ಲಿಗೆ ಬಂದಿದ್ದಳೇ’ ಎಂದು ಕೇಳುವ ಅತ್ತೆಗೂ ಆ ಅಧಿಕಾರವಿಲ್ಲ.

ಈಗ ಕಷ್ಟದ ಜಾಗಕ್ಕೆ ಬರುತ್ತೇನೆ. ಇಲ್ಲಿ ನನ್ನ ಹತ್ತಿರ ನುಣುಪಾದ ಉತ್ತರವಿಲ್ಲ. ಹದಿನೇಳು ವರ್ಷದ ಹುಡುಗಿ, ಮದುವೆಯಾಗಿದೆ, ಐದು ತಿಂಗಳ ಗರ್ಭಿಣಿ. ಜೊತೆಗೆ ಬಂದ ತಾಯಿ ನರ್ಸಿನ ಕಿವಿಯಲ್ಲಿ ‘ಹತ್ತೊಂಬತ್ತು ಎಂದು ಬರೆಯವ್ವಾ’ ಎನ್ನುತ್ತಾಳೆ. ಗರ್ಭಿಣಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡಿನಲ್ಲಿ ವಯಸ್ಸಿನ ಮನೆ ಒಂದು ಬೆರಳಿನಷ್ಟು ಅಗಲ. ಅದರಲ್ಲಿ 17 ಬರೆದರೆ 2012ರ ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯ 19ನೆಯ ಕಲಮಿನಡಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ನೀವೇ ಅಪರಾಧಿ. ಬಾಲ್ಯವಿವಾಹವನ್ನು ಕರ್ನಾಟಕ ತನ್ನ 2016ರ ತಿದ್ದುಪಡಿಯಲ್ಲಿ ಅಸಿಂಧು ಎಂದೇ ಹೇಳಿದೆ. 19 ಬರೆದರೆ ತಾಯಿ ಕೈಮುಗಿಯುತ್ತಾಳೆ. ಆದರೆ ಹೆರಿಗೆಯ ಹೊತ್ತಿಗೆ ಆ ಹುಡುಗಿಯ ಮೈ ಹದಿನೇಳರದ್ದೇ ಆಗಿರುತ್ತದೆ, ಅಪಾಯವೂ ಹದಿನೇಳರದ್ದೇ. ಅವಳನ್ನು ನೋಡುವ ವೈದ್ಯರ ಕೈಯಲ್ಲಿರುವ ಕಾರ್ಡು ಮಾತ್ರ ಸುಳ್ಳು ಹೇಳುತ್ತಿರುತ್ತದೆ. ಕೇಸಾಗುತ್ತದೆಂಬ ಭಯಕ್ಕೆ ಹುಡುಗಿಯರು ಆಸ್ಪತ್ರೆಗೇ ಬಾರದಿದ್ದರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸುಪ್ರೀಂ ಕೋರ್ಟಿಗೂ ಅದು ಹೊಳೆದಿದೆ. 2022ರಲ್ಲಿ, ಅಪ್ರಾಪ್ತೆ ಗರ್ಭಪಾತಕ್ಕೆ ಬಂದ ಸಂದರ್ಭದಲ್ಲಿ, ಅವಳು ಮತ್ತು ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ತಿಳಿಸಬೇಕಾಗಿಲ್ಲ ಎಂದಿತು. ಹೆರಿಗೆಗೆ ಬಂದವಳ ವಿಷಯ ಅಷ್ಟು ಹಗುರವಾಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ 17 ಎಂದೇ ಬರೆಯಿರಿ; ಬರೆಯುವ ಮೊದಲು ಆ ತಾಯಿಯನ್ನು ಪಕ್ಕಕ್ಕೆ ಕರೆದು ಏಕೆ ಬರೆಯುತ್ತಿದ್ದೀರಿ, ಮುಂದೆ ಯಾರು ಬರುತ್ತಾರೆ, ಏನು ಕೇಳುತ್ತಾರೆ ಎಂದು ಹತ್ತು ನಿಮಿಷ ಹೇಳಿ. ಆ ಹತ್ತು ನಿಮಿಷ ಎಲ್ಲಿಂದ ತರುವುದು ಎಂದು ಒಬ್ಬ ಸಿಸ್ಟರ್ ನನ್ನನ್ನು ಕೇಳಿದ್ದರು. ಹೊರಗೆ ಎಂಬತ್ತು ಜನರ ಸಾಲಿತ್ತು. ನಾನು ಸುಮ್ಮನಾದೆ.

ನಿಮ್ಮದೇ ವಿಷಯಕ್ಕೆ ಬರೋಣ. ನೀವು ಎದುರಿಸುವ ಮೊದಲ ನೀತಿ ಪ್ರಶ್ನೆ ದಯಾಮರಣವಲ್ಲ. ಅದು ಪ್ರಬಂಧ ಸ್ಪರ್ಧೆಗೆ. ಮೊದಲ ಪ್ರಶ್ನೆ ಎರಡನೆಯ ವರ್ಷದ ವಾರ್ಡಿನಲ್ಲಿ ಬರುತ್ತದೆ. ಹೊಟ್ಟೆಯಲ್ಲಿ ಗಡ್ಡೆ ಇರುವ ಒಬ್ಬ ಹೆಂಗಸು, ಸುತ್ತ ಹದಿನೈದು ಬಿಳಿ ಕೋಟು. ಒಬ್ಬರಾದ ಮೇಲೊಬ್ಬರು ಒತ್ತಿ ನೋಡುತ್ತೀರಿ. ಸರ್ಕಾರಿ ಆಸ್ಪತ್ರೆಯ ಮಂಚ ಹಿಡಿದವಳಿಗೆ ಬೇಡ ಎನ್ನುವ ಹಕ್ಕಿದೆ ಎಂದು ಅವಳಿಗೂ ಗೊತ್ತಿಲ್ಲ, ನಿಮಗೂ ಯಾರೂ ಹೇಳಿರುವುದಿಲ್ಲ. ಹದಿನಾಲ್ಕನೆಯವರು ನೀವಾದರೆ, ‘ಅವ್ವಾ, ನಾನು ವಿದ್ಯಾರ್ಥಿ, ಕಲಿಯಲು ನೋಡುತ್ತೇನೆ, ನೋಯುತ್ತಿದ್ದರೆ ಬಿಡುತ್ತೇನೆ’ ಎನ್ನಿ. ಒಂದು ಗಡ್ಡೆ ನಿಮ್ಮ ಕೈಗೆ ಸಿಗದೆ ಹೋಗಬಹುದು. ಹೋಗಲಿ. ಆಮೇಲೆ ಆ ಮೊಬೈಲ್. ಮುಖ ಮುಚ್ಚಿ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ, ತಪ್ಪೇನು ಎಂದು ಕೇಳುತ್ತೀರಿ. ಮೊಣಕೈ ಮೇಲಿನ ಹಚ್ಚೆ ಕಾಣುತ್ತಿರುತ್ತದೆ. ನಮ್ಮ ಕಡೆ ಹಚ್ಚೆ ನೋಡಿ ಹೆಣ್ಣಿನ ತವರೂರನ್ನೇ ಹೇಳುವ ಮುದುಕಿಯರಿದ್ದಾರೆ.

ಕೋರ್ಟಿನ ಭಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಪ್ರೀಂ ಕೋರ್ಟಿನ 1995ರ ಶಾಂತಾ ತೀರ್ಪಿನಿಂದ ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬಂದಿದೆ. ಕ್ರಿಮಿನಲ್ ಮೊಕದ್ದಮೆಗೆ ಸಾಮಾನ್ಯ ಎಡವಟ್ಟು ಸಾಲದು, ಘೋರ ನಿರ್ಲಕ್ಷ್ಯವೇ ಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ ಇಟ್ಟು, ನೋಂದಾಯಿತ ವೈದ್ಯರಿಗೆ ಮಾತ್ರ ಅದನ್ನು ಎರಡು ವರ್ಷಕ್ಕೆ ಇಳಿಸಿದೆ. ನೋಂದಾಯಿತ ವೈದ್ಯರೆಂದರೆ ಯಾರು ಎಂಬ ಆ ಕಲಮಿನ ವಿವರಣೆಯಲ್ಲಿ ನರ್ಸ್ ಇಲ್ಲ. ಒಂದೇ ಮಂಚದ ಎರಡು ಬದಿಯಲ್ಲಿ ನಿಂತವರಿಗೆ ಎರಡು ಅಳತೆ ಏಕೆ ಎಂದು ನನಗೆ ಇನ್ನೂ ತಿಳಿದಿಲ್ಲ. ಇಲ್ಲಿ ಕೂತಿರುವ ನರ್ಸಿಂಗ್ ವಿದ್ಯಾರ್ಥಿಗಳು ಇದನ್ನು ಕೇಳಬೇಕು. ಇನ್ನು ಅಪಘಾತದವರನ್ನು ‘ಪೊಲೀಸ್ ಕೇಸು, ಬೇರೆ ಕಡೆ ಹೋಗಿ’ ಎನ್ನುವ ಚಾಳಿಗೆ 1989ರ ಪರಮಾನಂದ ಕಟಾರಾ ತೀರ್ಪೇ ತೆರೆ ಎಳೆದಿದೆ: ಮೊದಲು ಜೀವ, ಆಮೇಲೆ ಕಾಗದ. ಹಾಗೆಯೇ ಹತ್ತಿಗೆ ಹೊಡೆಯುವ ಔಷಧ ಕುಡಿದವನನ್ನು ತಂದಾಗ ‘ಹೊಟ್ಟೆನೋವು ಎಂದು ಬರೆಯಿರಿ’ ಎಂದು ಮನೆಯವರು ಕಾಲು ಹಿಡಿಯುತ್ತಾರೆ. ಮಾನಸಿಕ ಆರೋಗ್ಯ ಕಾಯ್ದೆ 2017ರ 115ನೆಯ ಕಲಮಿನಂತೆ ಅಂಥವನು ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ ಎಂದು ಅವರಿಗೆ ತಿಳಿಸಿ, ಇದ್ದದ್ದನ್ನು ಬರೆಯಿರಿ.

ಕೊನೆಯದಾಗಿ ಒಂದು ಸಂಗತಿ. ಕಳೆದ ವರ್ಷ ನಮ್ಮ ಹೊಲದಲ್ಲಿ ಕೆಲಸ ಮಾಡುವ ಹೆಂಗಸಿನ ಗರ್ಭಕೋಶದ ಆಪರೇಷನ್ನಿಗೆ ನಾನೂ ಜೊತೆಗೆ ಹೋಗಿದ್ದೆ. ಒಬ್ಬ ಚಿಕ್ಕ ವಯಸ್ಸಿನ ನರ್ಸ್ ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತಳು. ಒಂದು ಲೋಟವನ್ನು ತಲೆಕೆಳಗಾಗಿ ಹಿಡಿದು ಗರ್ಭಕೋಶ ಹೇಗಿರುತ್ತದೆ, ಎಲ್ಲಿ ಕೊಯ್ಯುತ್ತಾರೆ ಎಂದು ತೆಲುಗಿನಲ್ಲಿ ತೋರಿಸಿದಳು. ಮಾತ್ರೆಯಲ್ಲಿ ನೋಡಬಹುದು, ಆದರೆ ಇಷ್ಟು ತಿಂಗಳು ಬೇಕು ಎಂದಳು. ಏನಾದರೂ ಕೇಳುವುದಿದೆಯೇ ಎಂದಳು. ಆ ಹೆಂಗಸು ಬಹಳ ಹೊತ್ತು ಸುಮ್ಮನಿದ್ದು, ‘ದೀಪಾವಳಿ ಹೊತ್ತಿಗೆ ಹತ್ತಿ ಬಿಡಿಸಲು ಹೋಗಬಹುದೇ? ಸೊಂಟಕ್ಕೆ ಉಡಿ ಕಟ್ಟಬೇಕಲ್ಲ, ಭಾರ ಆಗುತ್ತದೆ’ ಎಂದಳು. ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ನರ್ಸ್ ಹಾಳೆ ತಿರುವಿ ಹಿಂಬದಿಯಲ್ಲಿ ಆ ಪ್ರಶ್ನೆಯನ್ನು ಬರೆದುಕೊಂಡು, ಡಾಕ್ಟರನ್ನು ಕೇಳಿ ಬರುತ್ತೇನೆ ಎಂದು ಎದ್ದು ಹೋದಳು. ಶಾಯಿಯ ಡಬ್ಬಿ ಮುಚ್ಚಿಯೇ ಇತ್ತು.