ಬಸ್ಸಿನಲ್ಲಿ ಕೈ ಬದಲಾದ ರೇಷ್ಮೆ ಚಿತ್ರ

ಕೇಳುಗರಿಗೆ ನಮಸ್ಕಾರ.

1971ರ ಏಪ್ರಿಲ್ ತಿಂಗಳು. ಜಪಾನಿನ ನಗೋಯಾದಲ್ಲಿ ವಿಶ್ವ ಟೇಬಲ್ ಟೆನಿಸ್ ಪಂದ್ಯಾವಳಿ ನಡೆದಿತ್ತು. ಅಭ್ಯಾಸ ಮುಗಿಸಿದ ಅಮೆರಿಕದ ಆಟಗಾರ ಗ್ಲೆನ್ ಕೋವನ್‌ಗೆ ತನ್ನ ತಂಡದ ಬಸ್ಸು ತಪ್ಪಿತು. ಹತ್ತಿದ್ದು ಚೀನಾ ತಂಡದ ಬಸ್ಸು. ಎರಡು ದೇಶಗಳ ನಡುವೆ ಇಪ್ಪತ್ತು ವರ್ಷಗಳಿಂದ ರಾಜತಾಂತ್ರಿಕ ಸಂಬಂಧ ಇರಲಿಲ್ಲ. ಬಸ್ಸಿನೊಳಗೂ ಮೌನ. ಕೊನೆಗೆ ಮೂರು ಸಲ ವಿಶ್ವ ಚಾಂಪಿಯನ್ ಆಗಿದ್ದ ಝುವಾಂಗ್ ಝೆಡಾಂಗ್ ಹಿಂದಿನ ಸೀಟಿನಿಂದ ಎದ್ದುಬಂದರು. ದುಭಾಷಿಯ ಮೂಲಕ ಮಾತಾಡಿಸಿದರು. ಹುವಾಂಗ್‌ಶಾನ್ ಬೆಟ್ಟಗಳ ರೇಷ್ಮೆ ಚಿತ್ರವೊಂದನ್ನು ಅತಿಥಿಯ ಕೈಗಿಟ್ಟರು. ತಿರುಗಿ ಕೊಡೋಣವೆಂದು ಕೋವನ್ ತನ್ನ ಚೀಲ ತಡಕಾಡಿದರೆ ಸಿಕ್ಕಿದ್ದು ಬಾಚಣಿಗೆ! ಆಮೇಲೆ ಒಂದು ಟೀ ಶರ್ಟ್ ತಂದುಕೊಟ್ಟು ಲೆಕ್ಕ ಸರಿಮಾಡಿದ.

ಒಂದು ವಾರದೊಳಗೆ ಅಮೆರಿಕದ ತಂಡ ಚೀನಾದಲ್ಲಿತ್ತು. ಮರುವರ್ಷ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ನಲ್ಲಿ ಇಳಿದರು.

ಪಿಂಗ್‌ಪಾಂಗ್ ರಾಜತಾಂತ್ರಿಕತೆ ಎಂದು ಹೆಸರಾದ ಕತೆ ಇದು. ಆದರೆ ಬಸ್ಸಿನೊಳಗೆ ನಡೆದದ್ದು ರಾಜತಾಂತ್ರಿಕತೆ ಹೌದೇ? ನನ್ನ ಮಟ್ಟಿಗೆ ಅಲ್ಲ. ಅದು ಇಬ್ಬರು ಆಟಗಾರರ ಸೌಜನ್ಯ. ತೆರೆಮರೆಯಲ್ಲಿ ಎರಡೂ ಸರ್ಕಾರಗಳು ಮೊದಲೇ ದಾರಿ ಹುಡುಕುತ್ತಿದ್ದವು, ನಿಜ. ಚೀನಾದ ನಾಯಕ ಮಾವೋ ಒಪ್ಪಿ ಆಹ್ವಾನ ಹೊರಟ ಮೇಲೆ ಅದು ರಾಜತಾಂತ್ರಿಕತೆಯಾಯಿತು.

ದೇಶದೇಶಗಳ ನಡುವಿನ ಸಾಂಸ್ಕೃತಿಕ ನಂಟಿನ ಬಗ್ಗೆ ಬಳಕೆಯಲ್ಲಿರುವ ಪದಗಳೆಲ್ಲ ಜನರ ಸೌಜನ್ಯಕ್ಕೂ ಸರ್ಕಾರದ ಉದ್ದೇಶಕ್ಕೂ ನಡುವಿನ ಈ ಗೆರೆಯ ಆಚೀಚೆ ನಿಂತಿವೆ. ವ್ಯಾಪಾರಿಗಳು, ಯಾತ್ರಿಕರು, ವಿದ್ಯಾರ್ಥಿಗಳು ಯಾರ ಅಪ್ಪಣೆಗೂ ಕಾಯದೆ ಗಡಿ ದಾಟಿಸುವುದು ಸಾಂಸ್ಕೃತಿಕ ಸಂಬಂಧ. ಅದೇ ಹರಿವಿಗೆ ಸರ್ಕಾರ ತನ್ನ ಉದ್ದೇಶಕ್ಕಾಗಿ ಕಾಲುವೆ ತೋಡಿದರೆ ಸಾಂಸ್ಕೃತಿಕ ರಾಜತಾಂತ್ರಿಕತೆ. ಫ್ರೆಂಚ್ ಭಾಷೆ ಹರಡಲು 1883ರಲ್ಲಿ ಪ್ಯಾರಿಸ್ಸಿನಲ್ಲಿ ಖಾಸಗಿ ಸಂಘವಾಗಿ ಹುಟ್ಟಿ ಸರ್ಕಾರದ ಬೆಂಬಲ ಪಡೆದ ಅಲಿಯಾನ್ಸ್ ಫ್ರಾನ್ಸೇಸ್, 1934ರ ಬ್ರಿಟಿಷ್ ಕೌನ್ಸಿಲ್, ಮೌಲಾನಾ ಆಜಾದ್ 1950ರಲ್ಲಿ ಕಟ್ಟಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು, ಇವು ಇಂಥ ಕಾಲುವೆಗಳು. ನಮ್ಮ ಪರಿಷತ್ತು ಹೆಸರಿನಲ್ಲಿ 'ಸಂಬಂಧ' ಎಂದೇ ಇಟ್ಟುಕೊಂಡಿದೆ ನೋಡಿ. ಸಭ್ಯವಾದ ಪದ.

ಸಾರ್ವಜನಿಕ ರಾಜತಾಂತ್ರಿಕತೆಯ ವ್ಯಾಪ್ತಿ ಇನ್ನೂ ದೊಡ್ಡದು: ಒಂದು ಸರ್ಕಾರ ಪರದೇಶದ ಸರ್ಕಾರದ ತಲೆ ದಾಟಿ ಅಲ್ಲಿನ ಜನರೊಡನೆ ಆಡುವ ನೇರ ಮಾತು. ಈಗಿನ ಅರ್ಥದಲ್ಲಿ ಅದನ್ನು ಚಲಾವಣೆಗೆ ತಂದದ್ದು 1965ರಲ್ಲಿ, ಅಮೆರಿಕದ ಮಾಜಿ ರಾಯಭಾರಿ ಎಡ್ಮಂಡ್ ಗಲಿಯನ್. ಹೊಸ ಪದ ಬೇಕಾಗಿತ್ತು, ಏಕೆಂದರೆ 'ಪ್ರೊಪಗಾಂಡ', ಅಂದರೆ ಪ್ರಚಾರ, ಎಂಬ ಪದಕ್ಕೆ ಅಷ್ಟು ಹೊತ್ತಿಗೆ ಕೆಟ್ಟ ಹೆಸರು ಬಂದಿತ್ತು. 1622ರಲ್ಲಿ ಪೋಪ್ ಸ್ಥಾಪಿಸಿದ ಧರ್ಮಪ್ರಸಾರದ ಮಂಡಳಿಯ ಹೆಸರಿನಿಂದ ಬಂದ ಪದ ಅದು. ಆಗ ಅದರಲ್ಲಿ ಯಾವ ಕಳಂಕವೂ ಇರಲಿಲ್ಲ. ಇನ್ನು 1990ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಜೋಸೆಫ್ ನೈ ಕೊಟ್ಟ 'ಸಾಫ್ಟ್ ಪವರ್', ಅಂದರೆ ಮೃದು ಶಕ್ತಿ. ಬೆದರಿಸದೆ, ಹಣ ಕೊಡದೆ, ಆಕರ್ಷಣೆಯಿಂದಲೇ ಒಲಿಸಿಕೊಳ್ಳುವ ಬಲ. ಇದನ್ನು ರಾಜತಾಂತ್ರಿಕತೆಯ ಇನ್ನೊಂದು ಹೆಸರು ಎಂಬಂತೆ ಬಳಸುವವರಿದ್ದಾರೆ, ಅದು ತಪ್ಪು. ಒಂದು ಬಲ, ಇನ್ನೊಂದು ಅದನ್ನು ಬಳಸುವ ಕಸುಬು.

ಕಸುಬು ಕೆಡುವುದು ಕೈ ಬಚ್ಚಿಟ್ಟಾಗ. 1950ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಸಾಂಸ್ಕೃತಿಕ ಸ್ವಾತಂತ್ರ್ಯ ಕಾಂಗ್ರೆಸ್ ಎಂಬ ಬುದ್ಧಿಜೀವಿಗಳ ಸಂಘಟನೆ ಹಲವು ದೇಶಗಳಲ್ಲಿ ಒಳ್ಳೊಳ್ಳೆಯ ಪತ್ರಿಕೆಗಳನ್ನು ನಡೆಸಿತು. ಅದಕ್ಕೆ ಹಣ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಿಂದ ಬರುತ್ತಿತ್ತೆಂದು 1967ರ ಹೊತ್ತಿಗೆ ಬಯಲಾಯಿತು. ಅಚ್ಚಾಗಿದ್ದ ಲೇಖನಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಓದಿದ್ದವರ ನಂಬಿಕೆ ಮಾತ್ರ ಉಳಿಯಲಿಲ್ಲ.

ಇದರ ಪಕ್ಕದಲ್ಲಿ ಕಪ್ಪು ಜನಾಂಗದ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಅವರನ್ನು ನಿಲ್ಲಿಸಿ. ಅಮೆರಿಕದ ವಿದೇಶಾಂಗ ಇಲಾಖೆ ಜಾಝ್ ಕಲಾವಿದರನ್ನು ದೇಶದೇಶಗಳಿಗೆ ಕಳಿಸುತ್ತಿದ್ದ ಕಾಲ. ಆರ್ಮ್‌ಸ್ಟ್ರಾಂಗ್‌ರನ್ನು ಸೋವಿಯತ್ ಒಕ್ಕೂಟಕ್ಕೆ ಕಳಿಸುವ ಮಾತು ನಡೆದಿತ್ತು. 1957ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲಿಟಲ್ ರಾಕ್ ಊರಿನ ಬಿಳಿಯರ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಕಾಲಿಡದಂತೆ ರಾಜ್ಯಪಾಲರು ಸೈನಿಕರನ್ನು ನಿಲ್ಲಿಸಿದರು. ನನ್ನ ಜನರನ್ನು ಹೀಗೆ ನಡೆಸಿಕೊಳ್ಳುವ ಸರ್ಕಾರದ ಪರವಾಗಿ ನಾನು ಹೋಗುವುದಿಲ್ಲ ಎಂದು ಆರ್ಮ್‌ಸ್ಟ್ರಾಂಗ್ ಪತ್ರಕರ್ತನೊಬ್ಬನ ಎದುರೇ ಹೇಳಿಬಿಟ್ಟರು. ಮುಂದೆ 1960ರಲ್ಲಿ ಅದೇ ಇಲಾಖೆಯ ಪರವಾಗಿ ಆಫ್ರಿಕಾ ಪ್ರವಾಸಕ್ಕೆ ಹೊರಟರು.

ಆ ನಿರಾಕರಣೆಯನ್ನು ಯಾವ ಖಾನೆಗೆ ಹಾಕುವುದು? ಅಷ್ಟು ಧೈರ್ಯವಾಗಿ ಇಲ್ಲವೆನ್ನಲು ಬಿಟ್ಟ ದೇಶಕ್ಕೇ ಅದರಿಂದ ಒಂದಿಷ್ಟು ಗೌರವ ಬಂತು ಎಂದು ನನಗನ್ನಿಸುತ್ತದೆ. ಈ ಪರಿಭಾಷೆಯಲ್ಲಿ ಅದಕ್ಕೊಪ್ಪುವ ಪದ ಮಾತ್ರ ನನಗಿನ್ನೂ ಸಿಕ್ಕಿಲ್ಲ.

ನಮಸ್ಕಾರ.